ನೆಗೆಣ್ಣಿಯ ಇಂಗ್ಲಿಷು

ಹೇಳೇಬಿಡ್ತೀನಿ, ಮುಚ್ಚಿಡಾಕ ಏನೈತಿ? ನನಗ ನನ್ನ ನೆಗೆಣ್ಣಿ ಮ್ಯಾಲೆ ಹೊಟ್ಟಿಕಿಚ್ಚು ಇತ್ತು. ಆಕಿ ಬಂಗಾರಕ್ಕಲ್ಲ, ಬಣ್ಣಕ್ಕಲ್ಲ, ಆಕಿ ಇಂಗ್ಲಿಷಿಗೆ.

ಕೊಟ್ಟೂರಿನ ನಮ್ಮ ಮನಿಗೆ ಆಕಿ ಮೈದುನನ ಹೆಂಡ್ತಿಯಾಗಿ ಬರೋತನಕ ನನ್ನ ಮಗಳು ಏನಿದ್ರೂ ನನ್ನನ್ನ ಕೇಳ್ತಿದ್ಲು. ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಕನ್ನಡದಾಗ ಪಿಯುಸಿ ಓದಿದಾಕಿ, ಹೆಂಗೋ ನಿಭಾಯಿಸ್ತಿದ್ದೆ. ಆಕಿ ಬಂದ ಹೊಸದರಾಗ ಒಂದಿನ ಮಗಳು ‘ಲುಕ್ ಆಫ್ಟರ್’ ಅಂದ್ರೇನು ಅಂದ್ಲು. ಲುಕ್ ಅಂದ್ರ ನೋಡು, ಆಫ್ಟರ್ ಅಂದ್ರ ಆಮ್ಯಾಲೆ. ‘ಆಮ್ಯಾಲೆ ನೋಡೋದು’ ಅಂತ ಬರಿಸಿದೆ. ಮರುದಿನ ಕೆಂಪು ಶಾಯಿಲೆ ಇಷ್ಟುದ್ದ ಗೀಟು! ಕ್ಲಾಸಿನಾಗ ಎಲ್ಲಾರೂ ನಕ್ಕರಂತ. ಮಗಳು ಅಳಕೋಂತ ಬಂದು, ನನ್ನ ದಾಟಿ, ಸೀದಾ ಆಕಿ ಕೋಣಿಗೆ ಹೋದ್ಲು.

ನೆಗೆಣ್ಣಿ ಹರಪನಹಳ್ಳಿಯಾಕಿ, ಡಿಗ್ರಿ ಮಾಡ್ಯಾಳ. “ನೋಡ್ಕೊಳ್ಳೋದು ಅಂತ ಅರ್ಥ ಪುಟ್ಟಿ. ನಿಮ್ಮಮ್ಮ ನಿನ್ನ ನೋಡ್ಕೊಳ್ಳಲ್ವಾ, ಹಂಗೆ. ಎರಡು ಶಬ್ದ ಕೂಡಿದ್ಮೇಲೆ ಅದೇ ಬೇರೆ ಆಗುತ್ತೆ, ಬಿಡಿಸಿ ನೋಡಬಾರ್ದು” ಅಂದ್ಲು. ಎಷ್ಟು ಮೆತ್ತಗ ಹೇಳಿದ್ಲು! ಅದರಾಗ ನನ್ನನ್ನ ಒಳ್ಳೇಕಿ ಮಾಡಿ ಹೇಳಿದ್ಲಲ್ಲ, ಅದಕ್ಕ ಇನ್ನೂ ಉರೀತು.

ಆವತ್ತಿನಿಂದ ಬ್ಯಾಗು ಆಕಿ ಕೋಣ್ಯಾಗ. ಊಟಕ್ಕ ಕರದ್ರ, “ತಡಿಯವ್ವ, ಚಿಗವ್ವ ಹೇಳಿಕೊಡಾಕ ಹತ್ಯಾಳ.” ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾತು ನನ್ನ ಬಾಳೆ. ಒಂಬತ್ತು ತಿಂಗಳು ಹೊತ್ತಾಕಿ ರೊಟ್ಟಿ ಬಡಿಯಾಕಷ್ಟೇ ಬೇಕಾದೆ. ಸಿಟ್ಟಿಗೆ ನೆಗೆಣ್ಣಿ ಪಾಲಿನ ರೊಟ್ಟಿ ದಪ್ಪಗ ಬಡದೆ. ಅದನ್ನೂ ಪುಣ್ಯಾತ್ಗಿತ್ತಿ “ಚೆನ್ನಾಗೈತೆ ಅಕ್ಕಾ” ಅಂತ ತಿಂದ್ಲು.

ನೆಗೆಣ್ಣಿ ಬಸಿರಾಗಿ ಏಳು ತಿಂಗಳಾತು. ಕುಬಸ ಮಾಡಿ, ಹಸಿರು ಸೀರಿ ಉಡಿಸಿ, ಉಡಿ ತುಂಬಿ, ಚೊಚ್ಚಲ ಹೆರಿಗಿಗೆ ತವರಿಗೆ ಕಳಿಸೋದು ನಮ್ಮ ಕಡಿ ಪದ್ಧತಿ. ನಾನೇ ಮುಂದ ನಿಂತು ಓಡಾಡಿದೆ. “ಒಡಹುಟ್ಟಿದವರ ಹಂಗ ಅದಾರ ನೋಡ್ರಿ” ಅಂದ್ರು ಓಣ್ಯಾಗಿನವರು. ಅವರಿಗೇನು ಗೊತ್ತು? ಆಕಿ ಗಾಡಿ ಹತ್ತಿದಾಗ ನಾನು ಕುಣಿಯೋದೊಂದೇ ಬಾಕಿ ಇತ್ತು.

ಬಾಣಂತನ ಮುಗಿಸಿ ಆಕಿ ಬರೋದ್ರೊಳಗ ಮಗಳನ್ನ ಹೊಳ್ಳಿ ನನ್ನ ಕಡಿ ಮಾಡ್ಕೋಬೇಕು ಅಂತ ಹಟ ಹಿಡದೆ. ಮಧ್ಯಾಹ್ನ ಎಲ್ಲಾರೂ ಅಡ್ಡಾದಾಗ ಮೊಬೈಲಿನಾಗ ಪಾಠ ಹಚ್ಚಿಕೊಂಡು ಕಲ್ತೆ. ಗೆಟ್ ಅಪ್, ಪುಟ್ ಆನ್, ಗಿವ್ ಅಪ್. ಬಟ್ಟಿ ಒಗೆಯೋವಾಗೂ ಅದೇ ಬಾಯಿಪಾಠ. “ಇಕಿಗೇನು ಬಡೀತವ್ವ!” ಅಂದ್ಲು ನಮ್ಮತ್ತಿ.

ಕೂಸು ಹುಟ್ಟಿ ತಿಂಗಳಾಗಿತ್ತು. ಒಂದು ಸಂಜಿ ಮಗಳು ಒಲಿ ಮುಂದ ಬಂದು ಕುಂತು, “ಗಿವ್ ಅಪ್ ಅಂದ್ರೇನವ್ವ?” ಅಂದ್ಲು. ಬಡಿಯಾಕ ಹತ್ತಿದ್ದ ರೊಟ್ಟಿ ತೋರಿಸಿದೆ. “ಇದು ನಡುವ ಹರೀತು ಅನ್ನು. ಸಾಕಪ್ಪ, ನನ್ನ ಕೈಲೆ ಆಗಂಗಿಲ್ಲ ಅಂತ ಎದ್ದು ಹೋದ್ರ ಅದು ಗಿವ್ ಅಪ್. ಹಿಟ್ಟು ಮತ್ತ ನಾದಿ ಬಡದ್ರ, ಗಿವ್ ಅಪ್ ಮಾಡಲಿಲ್ಲ ಅಂತ. ನಿಮ್ಮಪ್ಪ ಗುಟ್ಕಾ ಬಿಟ್ರ ಅದಕ್ಕೂ ಗಿವ್ ಅಪ್ ಅಂತಾರ, ಬಿಡಬೇಕಲ್ಲ!” ಮಗಳು ಕಿಸಕ್ಕನ ನಕ್ಕು, ಬಗ್ಗಿ ಬರಕೊಂಡ್ಲು. ಅಬ್ಬಾ, ಎಷ್ಟು ದಿನಕ್ಕ ನನ್ನ ಮಗಳು ನನಗ ಸಿಕ್ಕಳು ಅನಿಸ್ತು.

ಮಗಳು ಎದ್ದು ಮೊಬೈಲ್ ತಗಂಡು ಹರಪನಹಳ್ಳಿಗೆ ಹಚ್ಚಿ, ಸ್ಪೀಕರ್ ಹಾಕಿದ್ಲು. “ಚಿಗವ್ವ, ಗಿವ್ ಅಪ್ಪಿಗೆ ಅವ್ವ ಹಿಂಗ ಹೇಳ್ಯಾಳ” ಅಂತ ರೊಟ್ಟಿ ಕಥಿ ಎಲ್ಲಾ ಒಪ್ಪಿಸಿ, “ಸರಿ ಐತೇನು?” ಅಂದ್ಲು. ಆ ಕಡಿ ಕೂಸಿನ ಅಳು, ಅದರ ನಡುವ ನೆಗೆಣ್ಣಿ ದನಿ: “ನಾನೂ ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ ಪುಟ್ಟಿ. ಇನ್ಮೇಲೆ ನಿಮ್ಮಮ್ಮನ್ನೇ ಕೇಳು.”

ಮಗಳು ಫೋನ್ ಇಟ್ಟು ನೋಟ್‌ಬುಕ್ ಎಳಕೊಂಡ್ಲು. ನಾ ಹೇಳಿದ್ದನ್ನ ಪೆನ್ಸಿಲಿನಾಗ ಬರದಿದ್ಲು. ಈಗ ಅದರ ಮ್ಯಾಲೆ, ಅಕ್ಷರಕ್ಕ ಅಕ್ಷರ, ಪೆನ್ನಿಲೆ ತಿದ್ದಿದ್ಲು.