ಸ್ಟಾಕ್‌ಹೋಮಿನಲ್ಲಿ ತುಂಬಿದ ಉಡಿ

ಕಥೆ ಕಟ್ಟುವಷ್ಟು ಪುರುಸೊತ್ತು ನನಗೆಲ್ಲಿದೆ? ಪರದೇಶದ ಈ ಪ್ಲೆಸೆಂಟನ್ ಊರಿನಲ್ಲಿ ಆಫೀಸು, ಡೇಕೇರು, ಗ್ರೋಸರಿ ಅಂತ ದಿನವಿಡೀ ಓಡುವವಳು ನಾನು. ದೆವ್ವ ಅಂದವರನ್ನು ಕಂಡು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಬೇಸಿಗೆ ರಜೆಗೆ ಸ್ಟಾಕ್‌ಹೋಮ್ ನೋಡಲು ಹೋಗಿದ್ದೆವು. ನಾನು, ಗಂಡ ಗಿರೀಶ, ಪುಟ್ಟ ಮಗಳು ತನ್ವಿ. ಅರಮನೆ, ಹಳೇ ಹಡಗು ಎಲ್ಲ ನೋಡಿ, ಊಟ ಮುಗಿಸಿ, ಹಳೇ ಪಟ್ಟಣದ ಓಣಿಗಳಲ್ಲಿ ನಡೆಯುತ್ತಿದ್ದೆವು. ಅಲ್ಲಿಯ ಬೇಸಿಗೆಯೇ ಹಾಗಂತೆ, ಅಷ್ಟು ರಾತ್ರಿಯಾದರೂ ಆಕಾಶ ಕಪ್ಪಾಗಿರಲಿಲ್ಲ. ಆ ಬೆಳಕು ನನಗ್ಯಾಕೋ ಹಿಡಿಸಲೇ ಇಲ್ಲ...

ಗಿರೀಶ ಫೋಟೋ ತೆಗೆಯುತ್ತಿದ್ದರು. ತಿರುಗಿ ನೋಡಿದರೆ ತನ್ವಿ ಇಲ್ಲ!

"ನಿಮ್ಮ ಕೈ ಹಿಡಿದಿದ್ಲಲ್ರೀ!"

"ಇಲ್ಲ, ನಿನ್ನ ಕೂಡ ಇದ್ಲು..."

ಕೂಗುತ್ತಾ ಓಡಿದೆ. ಓಣಿಯ ಕೊನೆಯಲ್ಲಿ, ಮುಚ್ಚಿದ ಮರದ ಬಾಗಿಲ ಮುಂದೆ ಕೂತಿದ್ದಳು. ಹಣೆಯಲ್ಲಿ ಕುಂಕುಮ. ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗಮ್ಮೆಂದು ಒಣಕೊಬ್ಬರಿ ವಾಸನೆ... ಫ್ರಾಕಿನ ಮಡಿಲಲ್ಲಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಕೊಬ್ಬರಿ ಬಟ್ಟಲು.

"ಯಾರು ಕೊಟ್ರವ್ವಾ?"

"ದಿ ಅಜ್ಜಿ ಇನ್‌ಸೈಡ್," ಅಂದಳು.

ನಮ್ಮ ಹುಬ್ಬಳ್ಳಿ ಕಡೆ ಮಗಳನ್ನು ತವರಿನಿಂದ ಗಂಡನ ಮನೆಗೆ, ಅತ್ತೆಯ ಬಳಿಗೆ ಕಳಿಸುವಾಗ ಹೀಗೆ ಉಡಿ ತುಂಬುತ್ತಾರೆ. ಬೇಗ ತವರಿಗೆ ತಿರುಗಿ ಬರಲಿ ಅಂತ. ತುಂಬಿಸಿಕೊಂಡವಳು ನಮಸ್ಕಾರ ಮಾಡಿದರೆ ಅದನ್ನು ಒಪ್ಪಿಕೊಂಡ ಹಾಗೆ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಅಭ್ಯಾಸಬಲ ನೋಡಿ, ಬಾಯಿ ತಾನೇ ಆಡಿಬಿಟ್ಟಿತು.

"ಉಡಿ ತುಂಬಿಸ್ಕೊಂಡು ಹಂಗ ಬರ್ತಾರೇನು? ನಮಸ್ಕಾರ ಮಾಡು."

ತನ್ವಿ ತಿರುಗಿ ಹೊಸ್ತಿಲಿಗೆ ಹಣೆ ಹಚ್ಚಿದಳು. ಒಳಗೆ ಬಳೆಗಳ ಸದ್ದಾಯಿತು...

"ಯಾರ್ರೀ ಒಳಗ?" ಗಿರೀಶ ಬಾಗಿಲು ಬಡಿದರು. ಯಾರೂ ತೆಗೆಯಲಿಲ್ಲ. ಬೆಳಿಗ್ಗೆ ಹೋಗಿ ಕೇಳಿದರೆ ಅದು ಪಕ್ಕದ ಕಾಫಿ ಅಂಗಡಿಯವರ ಉಗ್ರಾಣವಂತೆ. ಅಲ್ಲಿ ಯಾರೂ ವಾಸವಿಲ್ಲವಂತೆ. ಉಡಿಯ ಅಕ್ಕಿಯನ್ನು ಅಲ್ಲೇ ಹತ್ತಿರದ ಸಮುದ್ರದ ನೀರಿಗೆ ಬಿಟ್ಟು ಬಂದೆವು.

ಪ್ಲೆಸೆಂಟನ್ನಿಗೆ ಬಂದ ಮೇಲೆ ಮಗಳಿಗೆ ನಿದ್ದೆಯಿಲ್ಲ. ರಾತ್ರಿಯೆಲ್ಲ ಮನೆ ತುಂಬ ಓಡಾಡುತ್ತಾಳೆ. ಅವಳು ಎಲ್ಲಿ ಹೊರಟುಹೋಗುತ್ತಾಳೋ ಅಂತ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ನನಗೂ ಕಣ್ಣು ಹತ್ತುವುದಿಲ್ಲ.

ಮೊನ್ನೆ ಎದ್ದು ನೋಡಿದರೆ ಶೂ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. ಮಾತು ಕಲಿತಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ...

"ನಮ್ಮ ಮನಿಗೆ ನನ್ನ ಯಾವಾಗ ಕಳಸ್ತೀರಿ?" ಅಂದಳು.

ಬಾಚಿ ತಬ್ಬಿಕೊಂಡೆ. "ಇದ ನಿನ್ನ ಮನಿ, ಪುಟ್ಟಾ. ನಾ ನಿನ್ನ ಅವ್ವ ಅಲ್ಲೇನು?"

ಅವಳು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡು, ತಲೆ ತಗ್ಗಿಸಿ ನಿಂತಳು.

"ಹೌದ್ರೀ, ಅತ್ತಿ" ಅಂದಳು.