ಪಂಪಿಗೆ ಹಲ್ಲು ಕಟ್ಟಿಸಿದ ಅತ್ತೆ

ನಮ್ಮ ಅತ್ತೆ ಬಸ್ ಕಂಡಕ್ಟರ್. ಯಾರೇ ಮೂಟೆಯೋ ಡಬ್ಬವೋ ಹಿಡಿದು ಬಸ್ಸು ಹತ್ತಿದರೂ “ಅದರಲ್ಲೇನಿದೆ?” ಎಂದು ಕೇಳುವ ಹಕ್ಕು ಅವಳಿಗಿದೆ. ಸಾಮಾನಿಗೂ ಟಿಕೆಟ್ ಹರಿಯಬೇಕಾದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇರೆ ಕಂಡಕ್ಟರುಗಳು ಅಷ್ಟಕ್ಕೇ ನಿಲ್ಲಿಸುತ್ತಾರೆ. ಅತ್ತೆ ನಿಲ್ಲಿಸುವುದಿಲ್ಲ. “ಎಲ್ಲಿ ಸಿಗುತ್ತೆ? ಒಳಗೆ ಕಬ್ಬಿಣ ಇದೆಯಾ? ಉಪ್ಪುನೀರಿಗೆ ಹಾಕಿದ್ರೆ ಏನಾಗುತ್ತೆ?” ಎಂದೂ ಕೇಳುತ್ತಾಳೆ. ಮನೆಯಲ್ಲಿರುವ ಹವಳದ ತೊಟ್ಟಿಯನ್ನು ಅವಳು ಕಟ್ಟಿದ್ದು ಹೀಗೆ ಕೇಳಿ ಕೇಳಿಯೇ. ನಾನು ಅವರ ಮನೆಯಲ್ಲೇ ಇರುವುದರಿಂದ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ. ಬಸ್ಸಿನಲ್ಲಿ ನಡೆದದ್ದನ್ನು ಅತ್ತೆಯ ಬಾಯಿಂದ ಕೇಳಿ, ಎರಡೆರಡು ಸಲ ವಿಚಾರಿಸಿ ಬರೆದಿದ್ದೇನೆ.

ಮನೆಗೆ ಎರಡೇ ಕೋಣೆ. ಮುಂದಿನದರಲ್ಲಿ ಮಾವನ ಹೊಲಿಗೆ ಕೆಲಸ. ಕಿಟಕಿಯ ಪಕ್ಕ ಯಂತ್ರ, ಗೋಡೆಯ ಉದ್ದಕ್ಕೂ ಗಿರಾಕಿಗಳ ಬಟ್ಟೆ, ನಡುವೆ ಕತ್ತರಿಸುವ ಮೇಜು. ಆ ಮೇಜು ಈಗ ಅರ್ಧವೇ ಇದೆ. ತೊಟ್ಟಿಗೆ ಜಾಗ ಬೇಕೆಂದು ಮಾವನೇ ಅದನ್ನು ಗರಗಸದಿಂದ ಕೊಯ್ದು, ಉಳಿದರ್ಧವನ್ನು ಬೀರುವಿನ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದ. ಪ್ಯಾಂಟಿನ ಬಟ್ಟೆ ಹಾಸಿದರೆ ತುದಿ ಮೇಜಿನಿಂದ ಜೋತುಬೀಳುತ್ತಿತ್ತು. ಮಾವ ಅದನ್ನು ಮಡಚಿ ಮಡಚಿ ಕತ್ತರಿಸಬೇಕಾಗುತ್ತಿತ್ತು.

“ಹವಳ ಅಂದ್ರೆ ಉಂಗುರಕ್ಕೆ ಕೂರಿಸೋದು ಅಂತ ತಿಳ್ಕೊಂಡಿದ್ದೆ,” ಎಂದು ಅವನು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಾನೆ. “ಇದು ಉಣ್ಣುತ್ತೆ, ಮಲಗುತ್ತೆ, ಮುನಿಸ್ಕೊಳ್ಳುತ್ತೆ. ನಮ್ಮನೆಯವಳು ನನಗೊಬ್ಬಳು ಸವತಿ ತಂದಿದ್ದಾಳೆ.”

ಇದು ಶುರುವಾದದ್ದು ಮಾವನ ಕಣ್ಣಿನಿಂದ. ಕಣ್ಣಾಸ್ಪತ್ರೆಯಲ್ಲಿ ಅವನಿಗೆ ಔಷಧಿ ಹಾಕಿ, ಕಣ್ಣು ಮುಚ್ಚಿ ಕೂರಲು ಹೇಳಿದ್ದರು. ಎದುರಿಗೆ ಗೋಡೆಯಗಲದ ಗಾಜಿನ ತೊಟ್ಟಿ, ಅದರೊಳಗೆ ಗಾಳಿಗೆ ತೂಗುವ ಹುಲ್ಲಿನಂತೆ ಆಡುತ್ತಿದ್ದ ಹವಳಗಳು. “ಏನಿದೆ ಅಲ್ಲಿ, ಹೇಳು,” ಎಂದು ಬೇಸರ ಕಳೆಯಲು ಮಾವ ಕೇಳಿದ. ಅತ್ತೆ ಹೇಳತೊಡಗಿದಳು. ನರ್ಸು ಬಂದು ಮಾವನ ಹೆಸರು ಕೂಗಿದಾಗಲೂ ಹೇಳುತ್ತಲೇ ಇದ್ದಳು. “ಆವತ್ತು ಔಷಧಿ ನನ್ನ ಕಣ್ಣಿಗೆ, ಮಂಪರು ಇವಳಿಗೆ,” ಎಂದು ಮಾವ ಈಗಲೂ ಅನ್ನುತ್ತಾನೆ.

ಅಲ್ಲಿ ತೊಟ್ಟಿ ನೋಡಿಕೊಳ್ಳುವವನು ಒಂದು ಗುಟ್ಟು ಹೇಳಿಕೊಟ್ಟ. ಹವಳದ ತೊಟ್ಟಿಯ ಸಾಮಾನನ್ನು ಅಕ್ವೇರಿಯಂ ಅಂಗಡಿಯಲ್ಲಿ ಹುಡುಕಬಾರದು, ಅವರ ಹತ್ತಿರ ಇರುವುದಿಲ್ಲ, ಇದ್ದರೂ ಕೈ ಸುಡುತ್ತದೆ. ಅದು ಬೇರೆ ಬೇರೆ ಕಸುಬಿನವರ ಹತ್ತಿರ, ಬೇರೆ ಬೇರೆ ಹೆಸರಿನಲ್ಲಿ ಇರುತ್ತದೆ. ಆ ಕಸುಬಿನವರೆಲ್ಲ ಅತ್ತೆಯ ಬಸ್ಸಿನಲ್ಲೇ ಓಡಾಡುವವರು.

ಒಬ್ಬ ಚೌಕಳಿ ಚೌಕಳಿಯ ಬಿಳಿ ಪ್ಲಾಸ್ಟಿಕ್ ಹಾಳೆಗಳನ್ನು ಹಗ್ಗದಲ್ಲಿ ಕಟ್ಟಿಕೊಂಡು ಹತ್ತಿದ.

“ಏನಪ್ಪಾ ಇದು?”

“ಟ್ಯೂಬ್‌ಲೈಟ್ ಕೆಳಗೆ ಹಾಕೋ ಜಾಲರಿ ಅಕ್ಕಾ. ಆಫೀಸಿನ ಸೀಲಿಂಗಿಗೆ.”

“ಮುರಿದಿದ್ದನ್ನ ಏನ್ಮಾಡ್ತೀರಿ?”

“ಬಿಸಾಕ್ತೀವಿ.”

“ಬಿಸಾಕಬೇಡಿ. ನಾಳೆ ಇದೇ ಬಸ್ಸಿಗೆ ತನ್ನಿ.”

“ಕಂಡಕ್ಟರ್ ಟಿಕೆಟ್ ಕೇಳೋದು ಗೊತ್ತಿತ್ತು,” ಎಂದ ಅವನು ಪಕ್ಕದವನ ಕಡೆ ತಿರುಗಿ. “ಕಸ ಕೇಳೋದು ಇವತ್ತೇ ಗೊತ್ತಾಗಿದ್ದು.”

ಮರುದಿನ ತಂದ. ಹವಳಗಳು ಕೂತಿರುವುದು ಅದರ ಮೇಲೆಯೇ. ದೊಡ್ಡ ತೊಟ್ಟಿಯ ಕೆಳಗೆ, ಪರದೆಯ ಮರೆಯಲ್ಲಿ, ಪಂಪು ಇಡಲು ಇನ್ನೊಂದು ಸಣ್ಣ ತೊಟ್ಟಿಯಿದೆ; ಅದರ ಮುಚ್ಚಳ ನಾಮಫಲಕ ಬರೆಯುವವನಿಂದ ಬಂದದ್ದು. ಯಾವುದೋ ಅಂಗಡಿಯ ಹೆಸರಿನ ಕೊನೆಯ ಅಕ್ಷರ ಇನ್ನೂ ಆ ಮುಚ್ಚಳದ ಮೇಲಿದೆ. ಹೀಗೇ ಒಂದು ದಿನ ಒಬ್ಬ ಸಣ್ಣ ಡಬ್ಬವೊಂದನ್ನು ಮೊಟ್ಟೆಯಿಟ್ಟುಕೊಂಡಂತೆ ತೊಡೆಯ ಮೇಲೆ ಹಿಡಿದು ಕೂತಿದ್ದ.

“ಅದರಲ್ಲೇನಿದೆ?”

“ಹಲ್ಲು.”

ಪಕ್ಕದ ಸೀಟಿನವನು ಸ್ವಲ್ಪ ಸರಿದು ಕೂತ.

“ಯಾರದು?” ಎಂದಳು ಅತ್ತೆ.

“ಇನ್ನೂ ಯಾರದ್ದೂ ಅಲ್ಲ. ನಾಳೆ ಡಾಕ್ಟ್ರು ಕೂರಿಸ್ತಾರೆ. ಮಾಡೋನು ನಾನು.”

“ತುಕ್ಕು ಹಿಡಿಯುತ್ತಾ?”

“ತುಕ್ಕು ಹಿಡಿಯೋದನ್ನ ಯಾರಾದ್ರೂ ಬಾಯಲ್ಲಿ ಇಟ್ಕೊಳ್ತಾರಾ ಅಮ್ಮಾ? ಇದು ಪಿಂಗಾಣಿ ಥರದ್ದು. ಉಪ್ಪು, ಹುಳಿ ಯಾವುದೂ ಏನೂ ಮಾಡಲ್ಲ.”

ಹಲ್ಲಿನಿಂದ ತೊಟ್ಟಿಗೆ ಏನುಪಯೋಗ ಎಂದು ಅತ್ತೆಗೆ ಆಗ ಹೊಳೆಯಲಿಲ್ಲ. ಹೊಳೆಯದಿದ್ದರೂ ಅವಳು ಮರೆಯುವವಳಲ್ಲ.

ಮೊದಲ ಸಲ ಕಟ್ಟಿದ ತೊಟ್ಟಿ ಉಳಿಯಲಿಲ್ಲ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವೊಂದನ್ನು, ಸದ್ಯಕ್ಕೆ ಇರಲಿ ಎಂದು, ಪೈಪಿನಂಗಡಿಯಿಂದ ತಂದು ಹಾಕಿದ್ದಳು. ಹೊರಗಿನಿಂದ ಅದು ಪೂರ್ತಿ ಪ್ಲಾಸ್ಟಿಕ್. ಮೊದಲು ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಆಮೇಲೆ ಸಿಗಡಿ ಸತ್ತಿತು. ಕೊನೆಗೆ ಹವಳವೂ ಸೊರಗಿ ಬರೀ ಬಿಳಿ ಕಲ್ಲಾಯಿತು. ಎಲ್ಲ ಮುಗಿದ ಮೇಲೆ ಅತ್ತೆ ಆ ವಾಲ್ವನ್ನು ಕೊಯ್ದು ನೋಡಿದರೆ, ಒಳಗೊಂದು ಹಿತ್ತಾಳೆಯ ಸ್ಪ್ರಿಂಗು ಹಸಿರುಗಟ್ಟಿ ಕೂತಿತ್ತು. ಹಿತ್ತಾಳೆಯಲ್ಲಿರುವ ತಾಮ್ರ ಹವಳಕ್ಕೆ ವಿಷ.

ಅವಳು ಆ ಸ್ಪ್ರಿಂಗನ್ನು ಮಾವನ ಮೇಜಿನ ಮೇಲಿಟ್ಟಳು.

“ಇನ್ನೊಂದೇ ಒಂದು ಸಲ ಮಾಡ್ತೀನಿ ರೀ. ಅದೂ ಹೋದ್ರೆ ತೊಟ್ಟಿ ತೆಗೆದುಬಿಡ್ತೀನಿ. ನಿಮ್ಮ ಮೇಜು ನಿಮಗೆ.”

“ನಾನು ಕೇಳಿದ್ನಾ?”

“ನೀವು ಕೇಳಿಲ್ಲ. ನಾನು ಹೇಳ್ತಿದ್ದೀನಿ.”

ಅತ್ತೆ ಹೇಳಿದ ಮೇಲೆ ಮುಗಿಯಿತು. ಕಣ್ಣಾಸ್ಪತ್ರೆಯವನು ಹೆಬ್ಬೆರಳಿನ ಗಾತ್ರದ ಇನ್ನೊಂದು ಹವಳದ ತುಂಡು ಕೊಟ್ಟ. ಅಂದಿನಿಂದ ಅವಳದೊಂದು ಪದ್ಧತಿ. ಏನು ಕೊಂಡರೂ ಎರಡು ಕೊಳ್ಳುವುದು, ಒಂದು ಬಳಸಲು, ಒಂದು ಒಡೆದು ನೋಡಲು.

“ಒಡೆಯೋಕೆ ಬೇಕಾದ್ರೆ ಹಳೇದು ಕೊಡ್ತೀನಮ್ಮಾ, ಸುಮ್ನೆ ತಗೊಂಡ್ಹೋಗಿ,” ಎಂದ ಪೈಪಿನಂಗಡಿಯವನು.

“ಹಳೇದರ ಹೊಟ್ಟೇಲಿ ಏನಿದೆ ಅಂತ ತಿಳ್ಕೊಂಡು ನಂಗೇನಾಗ್ಬೇಕು? ನಾನು ಹಾಕೋದು ಹೊಸದನ್ನ.”

ಎರಡನೇ ತೊಟ್ಟಿ ಕೈಹಿಡಿಯಿತು. ಹೆಬ್ಬೆರಳಿನಷ್ಟಿದ್ದ ಹವಳ ಬೆಳೆದು ಎಲೆಕೋಸಿನ ಗಾತ್ರವಾಯಿತು. ಹಸಿರು ಬೆರಳುಗಳು, ಒಂದೊಂದರ ತುದಿಯೂ ಪುಟ್ಟ ಸುತ್ತಿಗೆಯಂತೆ. ಎರಡು ಕಿತ್ತಳೆ ಮೀನುಗಳು ಅದರೊಳಗೆ ಮನೆ ಮಾಡಿಕೊಂಡವು. ಪರದೆಯ ಹಿಂದೆ, ಕೆಳಗಿನ ತೊಟ್ಟಿಯಲ್ಲಿದ್ದ ಪಂಪು ನೀರನ್ನು ಮೇಲಕ್ಕೆ ತಳ್ಳುತ್ತಿತ್ತು, ಮೇಲಿನದು ಕೊಳವೆಯಲ್ಲಿ ಕೆಳಗಿಳಿಯುತ್ತಿತ್ತು. ಈ ಓಡಾಟ ನಿಲ್ಲುವಂತಿಲ್ಲ.

ಅದು ನಿಂತದ್ದು ಅತ್ತೆಗೆ ರಜೆಯಿದ್ದ ಒಂದು ಬೆಳಿಗ್ಗೆ. ಮೊದಲು ಗೊತ್ತಾದದ್ದು ಮಾವನಿಗೆ. ಯಂತ್ರದ ಸದ್ದು ಬದಲಾದರೆ ಅವನ ಕಿವಿ ನಿಮಿರುತ್ತದೆ.

“ಏ, ಇಲ್ಲಿ ಬಾರೇ. ನಿನ್ನ ಪಂಪು ಸೂಜಿ ಮುರಿದ ಹಾಗೆ ಸದ್ದು ಮಾಡ್ತಿದೆ.”

ಸೂಜಿ ಮುರಿದಿದ್ದು ನಿಜವೇ ಆಗಿತ್ತು. ಪಂಪಿನ ಒಳಗೆ ಆಯಸ್ಕಾಂತದ ಚಕ್ರವೊಂದು ಬಿಳಿ ಪಿಂಗಾಣಿ ಕಡ್ಡಿಯ ಸುತ್ತ ತಿರುಗುತ್ತದೆ. ಸಾಸಿವೆಯಷ್ಟಿದ್ದ ಬಸವನಹುಳು ಒಳಗೆ ಹೊಕ್ಕು, ಆ ಕಡ್ಡಿ ಎರಡು ತುಂಡಾಗಿತ್ತು. ಅತ್ತೆ ಮೀನುಗಳಿಗಾಗಿ ಗಾಳಿಯ ಗುಳ್ಳೆ ಬಿಡುವ ಸಣ್ಣ ಪಂಪನ್ನು ಹಚ್ಚಿದಳು. ಹವಳಕ್ಕೆ ಅದು ಸಾಲದು. ನೀರು ಮೈಮೇಲೆ ಹರಿಯದಿದ್ದರೆ ಅದು ದಿನದಿಂದ ದಿನಕ್ಕೆ ಮುದುಡುತ್ತದೆ.

ಪಂಪು ಮಾರಿದವನಿಗೆ ಫೋನು ಮಾಡಿದಳು. ಆ ಮಾದರಿ ಈಗ ಬರುತ್ತಿಲ್ಲ, ಕಡ್ಡಿಯೊಂದೇ ಸಿಗುವುದಿಲ್ಲ, ಹೊಸ ಪಂಪು ತರಿಸಲು ತಿಂಗಳಾಗಬಹುದು ಎಂದ.

“ಅಷ್ಟು ಹೊತ್ತಿಗೆ ಇಲ್ಲಿ ಬರೀ ಕಲ್ಲಿರುತ್ತೆ,” ಎಂದು ಅತ್ತೆ ಫೋನಿಟ್ಟು ಚಪ್ಪಲಿ ಮೆಟ್ಟಿದಳು.

ಅಕ್ವೇರಿಯಂ ಅಂಗಡಿಯಲ್ಲಿ ಅದೇ ಗಾತ್ರದ ಪಂಪೇನೋ ಇತ್ತು. ಅತ್ತೆ ಅಲ್ಲೇ ಬಿಚ್ಚಿಸಿದಳು. ಒಳಗೆ ಹೊಳೆಯುವ ಉಕ್ಕಿನ ಕಡ್ಡಿ.

“ಸ್ಟೇನ್‌ಲೆಸ್ಸು. ತುಕ್ಕು ಹಿಡಿದ್ರೆ ನನ್ನ ಕೇಳಿ.”

“ಸಿಹಿನೀರಲ್ಲಿ ಹಿಡಿಯಲ್ಲ. ನಮ್ದು ಉಪ್ಪುನೀರು,” ಎಂದು ಹಿಂದಕ್ಕೆ ಕೊಟ್ಟಳು. ಮಾವನಿಗೆ ಫೋನಿನಲ್ಲಿ ಹೇಳಿದಾಗ ಅವನು, “ಸದ್ಯಕ್ಕೆ ಅದನ್ನೇ ಹಾಕಿದ್ರೆ?” ಎಂದ.

“ಆ ವಾಲ್ವ್ ಹಾಕಿದ್ದೂ ಸದ್ಯಕ್ಕೆ ಅಂತಲೇ.”

ಮುಂದೆ ಎಲ್ಲಿಗೆ ಎಂದು ಯೋಚಿಸುತ್ತ ಬಸ್ ಸ್ಟಾಪಿನಲ್ಲಿ ನಿಂತಳು. ಅಲ್ಲಿ ಗೋಡೆಗೆ ಒರಗಿ ಛತ್ರಿ ರಿಪೇರಿ ಮಾಡುವ ಮುದುಕ ಕೂರುತ್ತಾನೆ.

“ಏನು ಕಂಡಕ್ಟ್ರಮ್ಮಾ, ರಜಾ ದಿನಾನೂ ಬಸ್ಸು ಬಿಟ್ಟಿರೋಕಾಗಲ್ವಾ?” ಎಂದ ಅವನು. ಕೈಯಲ್ಲಿದ್ದ ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟ. ಅದು ಸದ್ದಿಲ್ಲದೆ ನೆಟ್ಟಗಾಯಿತು.

ಅತ್ತೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. “ಇದು ಕಬ್ಬಿಣ ಅಲ್ವಾ?”

“ಹೊಸ ಛತ್ರಿಗಳಲ್ಲಿ ಫೈಬರ್ ಕಡ್ಡಿ. ಗಾಳಿಗೆ ಬಗ್ಗುತ್ತೆ, ಮುರಿಯಲ್ಲ.”

“ಎರಡು ಕೊಡಿ.”

ಒಂದನ್ನು ಅವನೆದುರಿಗೇ ಬಗ್ಗಿಸಿ ಬಗ್ಗಿಸಿ ಮುರಿದಳು. ತುದಿ ಪೊರಕೆಯಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಒಳಗೆ ತಂತಿಯಿರಲಿಲ್ಲ.

“ಒಳ್ಳೇ ಗಿರಾಕಿ ನೀವು,” ಎಂದ ಮುದುಕ. “ನಾನು ದಿನಾ ಜೋಡಿಸ್ತೀನಿ, ನೀವು ಬಂದು ಮುರೀತೀರಿ.”

ಉಳಿದ ಕಡ್ಡಿ ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪವಿತ್ತು. ಮನೆಯಲ್ಲಿ ಮರಳುಕಾಗದದಿಂದ ತಿಕ್ಕಿ ತಿಕ್ಕಿ ಚಕ್ರದೊಳಗೆ ಕೂರಿಸಿದಳು. ಸಂಜೆಯ ಹೊತ್ತಿಗೆ ನೀರು ಮೇಲೇರಿತು. “ಇನ್ನು ತೊಟ್ಟಿಯೊಳಗೆ ಮಳೆ ಬಂದ್ರೂ ಚಿಂತೆಯಿಲ್ಲ,” ಎಂದ ಮಾವ.

ಆದರೆ ಛತ್ರಿಯ ಕಡ್ಡಿ ಬಗ್ಗಲು ಹುಟ್ಟಿದ್ದು, ತಿರುಗುವ ಚಕ್ರವನ್ನು ಹೊರಲು ಅಲ್ಲ. ವಾರ ಕಳೆಯುವಷ್ಟರಲ್ಲಿ ಪಂಪು ಮುಲುಕತೊಡಗಿತು. ಕಡ್ಡಿ ಸವೆಯುತ್ತಿತ್ತು. ಹವಳದ ಬೆರಳುಗಳು ಅರ್ಧಕ್ಕರ್ಧ ಒಳಸೇರಿದವು. ಅತ್ತೆ ಮುರಿದ ಬಿಳಿ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಪಿಂಗಾಣಿ. ಉಪ್ಪು, ಹುಳಿ ಯಾವುದೂ ಏನೂ ಮಾಡದ್ದು. ಈ ಮಾತನ್ನು ಯಾರೋ ಬಸ್ಸಿನಲ್ಲಿ ಹೇಳಿದ್ದರು. ಯಾರೆಂದು ನೆನಪಾಗಲು ಹೊತ್ತು ಹಿಡಿಯಲಿಲ್ಲ.

ಆಮೇಲೆ ಪ್ರತಿ ಟ್ರಿಪ್ಪಿನಲ್ಲೂ, ಆ ಡಬ್ಬವಿದೆಯೇ ಎಂದು ಕೂತವರ ತೊಡೆಯನ್ನೇ ನೋಡುವುದಾಯಿತು. ಕೊನೆಗೊಂದು ಮಧ್ಯಾಹ್ನ ಹಲ್ಲಿನವನು ಹತ್ತಿದ. ಅವಳು ಬಾಯಿ ತೆರೆಯುವ ಮೊದಲೇ, “ಹಲ್ಲೇ ಇದೆ,” ಎಂದು ಡಬ್ಬ ಎತ್ತಿ ತೋರಿಸಿದ.

“ನನಗೊಂದು ಹಲ್ಲು ಬೇಕಿತ್ತು.”

ಅವನು ಅವಳ ಬಾಯಿ ನೋಡಿದ. “ಎಲ್ಲ ಸರಿಯಾಗೇ ಇದೆಯಲ್ಲಮ್ಮ.”

“ನನಗಲ್ಲ. ಪಂಪಿಗೆ.”

ಅಕ್ಕಪಕ್ಕದವರು ನಕ್ಕರು. ಅತ್ತೆ ಟಿಕೆಟ್ ಚೀಲದಿಂದ ತುಂಡುಗಳನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಅವನು ಒಂದನ್ನು ಉಗುರಿನಿಂದ ತಟ್ಟಿದ. “ಇದು ನಮ್ಮ ಹಲ್ಲಿನ ನೆಂಟನೇ. ಮಾಡಬಹುದು. ಆದ್ರೆ ಒಲೆಯಲ್ಲಿ ಸುಟ್ಟಾಗ ಕುಗ್ಗುತ್ತೆ. ಎಷ್ಟು ಅಂತ ಲೆಕ್ಕ ಹಾಕಿ ಮೊದಲೇ ದಪ್ಪ ಮಾಡ್ಕೊಬೇಕು.” ತೊಟ್ಟಿ ಎಂಥದ್ದು, ಚಕ್ರ ಹೇಗೆ ತಿರುಗುತ್ತದೆ ಎಂದೆಲ್ಲ ಕೇಳುತ್ತ ಅವನು ತನ್ನ ಸ್ಟಾಪನ್ನೇ ಮರೆತ.

“ನಿಮ್ಮ ಸ್ಟಾಪು ಹೋಯ್ತು. ಮುಂದಕ್ಕೆ ಟಿಕೆಟ್ ತಗೊಳ್ಳಿ,” ಎಂದಳು ಅತ್ತೆ.

“ಹಲ್ಲೂ ಮಾಡಿಕೊಟ್ಟು ಟಿಕೆಟ್ಟೂ ನಾನೇ ತಗೋಬೇಕಾ?”

“ಹಲ್ಲಿನ ಲೆಕ್ಕ ಬೇರೆ, ಬಸ್ಸಿನ ಲೆಕ್ಕ ಬೇರೆ.” ಹರಿದು ಕೊಟ್ಟಳು.

ಮನೆಯಲ್ಲಿ ಪಂಪು ನಿಲ್ಲುತ್ತ, ಹೊರಡುತ್ತ ಇತ್ತು. ನಿಂತಾಗಲೆಲ್ಲ ಮಾವ ಹೊಲಿಗೆ ಬಿಟ್ಟು ಎದ್ದುಹೋಗಿ, ಪ್ಲಗ್ಗು ಕಿತ್ತು ಮತ್ತೆ ಹಾಕುತ್ತಿದ್ದ. ಅತ್ತೆ ಡ್ಯೂಟಿಗೆ ಹೋದ ಒಂದು ಬೆಳಿಗ್ಗೆ, ಗೋಡೆಗೆ ಒರಗಿಸಿದ್ದ ಅರ್ಧ ಮೇಜನ್ನು ಅವಳ ಕಣ್ಣಿಗೆ ಬೀಳದಂತೆ ಬೀರುವಿನ ಹಿಂದಕ್ಕೆ ತಳ್ಳಿದ. ಸಂಜೆ ಬಂದ ಅತ್ತೆ ಖಾಲಿ ಗೋಡೆಯನ್ನು ನೋಡಿದಳು. ಆಮೇಲೆ ಚೀಲ ಇಳಿಸಿ ಪಂಪಿನ ಕಡೆ ಹೋದಳು.

ಹಲ್ಲಿನವನು ಡಬ್ಬ ಹಿಡಿದುಕೊಂಡು ತಾನೇ ಮನೆಗೆ ಬಂದ. ಹತ್ತಿಯ ಮೇಲೆ ಎರಡು ಬಿಳಿ ಕಡ್ಡಿಗಳಿದ್ದವು, ಒಂದು ಸಣಕಲು, ಇನ್ನೊಂದು ಸರಿಯಾದದ್ದು.

“ಮೊದಲನೇದನ್ನ ಅಂದಾಜಲ್ಲಿ ಕೈಯಿಂದಲೇ ಕೊರೆದೆ. ಒಲೆಯಿಂದ ಬರೋವಾಗ ಉಪವಾಸ ಬಿದ್ದವನ ಹಾಗೆ ಬಂತು. ಎರಡನೇದು ಯಂತ್ರಕ್ಕೆ ಅಳತೆ ಕೊಟ್ಟು ಕೊರೆಸಿದ್ದು.”

“ಎರಡೂ ಒಂದೇ ವಸ್ತುನಾ?”

“ಒಂದೇ ಪಿಂಗಾಣಿ ಬಿಲ್ಲೆಯಿಂದ ತೆಗೆದಿದ್ದು. ನಿಮ್ಮ ಬಸ್ಸಲ್ಲೇ ಓಡಾಡ್ತೀನಲ್ಲ, ನಿಮ್ಮ ಪದ್ಧತಿ ಎಲ್ಲರಿಗೂ ಗೊತ್ತು. ಸಣಕಲು ಒಡೆಯೋಕೆ.”

ಅತ್ತೆ ಅದನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ, ಮಾವನ ಇಸ್ತ್ರಿಪೆಟ್ಟಿಗೆಯಿಂದ ಒಂದೇಟು ಹಾಕಿದಳು. ಬಿಚ್ಚಿ ನೋಡಿದಳು. ಹೊರಗೆ ಹೇಗೋ ಒಳಗೂ ಹಾಗೇ, ಬಿಳುಪೇ ಬಿಳುಪು. ಆಮೇಲೆ ಇನ್ನೊಂದನ್ನು ಚಕ್ರದೊಳಗೆ ತೂರಿಸಿದಳು. ಅದು ತಿಕ್ಕುವ ಅಗತ್ಯವೇ ಇಲ್ಲದೆ, ಕಾಜಕ್ಕೆ ಗುಂಡಿ ಹೊಕ್ಕ ಹಾಗೆ ಹೊಕ್ಕಿತು. ಪ್ಲಗ್ಗು ಹಾಕಿದಾಗ ಮೊದಲು ಯಾರಿಗೂ ಏನೂ ಕೇಳಿಸಲಿಲ್ಲ. ಪಂಪು ಓಡುತ್ತಿಲ್ಲವೆಂದೇ ಅಂದುಕೊಂಡೆವು. ಮಾವ ಪರದೆ ಸರಿಸಿ ಕಿವಿಯಿಟ್ಟ.

“ಓಡ್ತಿದೆ ಕಣೇ. ಹೊಸ ಸೂಜಿ ಹಾಕಿದ ಹಾಗೆ.”

ಹವಳ ಒಂದೇ ದಿನಕ್ಕೆ ಸರಿಯಾಗಲಿಲ್ಲ. ನಾಲ್ಕಾರು ದಿನ ಬೆರಳು ಬೆರಳಾಗಿ ಹೊರಬಂತು. ಒಂದು ಬದಿಯಲ್ಲಿ ಸ್ವಲ್ಪ ಸತ್ತೇ ಹೋಗಿ ಬಿಳಿ ಮಚ್ಚೆ ಉಳಿಯಿತು. ಕಿತ್ತಳೆ ಮೀನುಗಳಿಗೆ ಆ ಮಚ್ಚೆಯ ಚಿಂತೆಯಿರಲಿಲ್ಲ, ತಮ್ಮ ಮನೆಗೆ ವಾಪಸಾದವು.

ಬೀರುವಿನ ಹಿಂದಿದ್ದ ಅರ್ಧ ಮೇಜನ್ನು ಮಾವ ಬಡಗಿಗೆ ಕೊಟ್ಟು, ಗಿಡ್ಡ ಕಾಲು ಹಚ್ಚಿಸಿ ಬೆಂಚು ಮಾಡಿಸಿದ.

“ನನ್ನ ಮಾತೇನಾಯ್ತು? ನಾಳೆ ಈ ತೊಟ್ಟಿನೂ ಹೋದ್ರೆ ಮೇಜು ಕೊಡೋದು ಹೇಗೆ?” ಎಂದಳು ಅತ್ತೆ.

“ಮೇಜಿದ್ರೆ ತಾನೇ ಕೊಡೋದು,” ಎಂದು ಮಾವ ಬಟ್ಟೆಯ ತುದಿಯನ್ನು ಮಡಚಿಕೊಂಡು ಕತ್ತರಿ ಆಡಿಸಿದ.

ಈಗ ಜಾಲರಿಯವನೂ ನಾಮಫಲಕದವನೂ ತಮ್ಮ ಸಾಮಾನು ಹೇಗಿದೆಯೆಂದು ನೋಡಲು ಬಂದಾಗ ಆ ಬೆಂಚಿನ ಮೇಲೇ ಕೂರುತ್ತಾರೆ. ಛತ್ರಿಯ ಮುದುಕನಿಗೆ ಮಾತ್ರ ತನ್ನ ಕಡ್ಡಿ ಸೋತದ್ದು ಇನ್ನೂ ಅಸಮಾಧಾನ. ಎಲ್ಲರಿಗಿಂತ ಹೆಚ್ಚು ಬರುವವನು ಹಲ್ಲಿನವನು. ಚಹಾ ಕುಡಿಯುತ್ತ, ಪರದೆಯ ಹಿಂದಿನ ಸದ್ದಿಲ್ಲದ ಪಂಪಿನ ಕಡೆ ಕೈ ತೋರಿಸುತ್ತಾನೆ.

“ಇಷ್ಟು ಹಲ್ಲು ಮಾಡಿದೀನಿ. ಒತ್ತುತ್ತೆ, ಚುಚ್ಚುತ್ತೆ ಅಂತ ವಾಪಸ್ ಬರದೇ ಇರೋ ಗಿರಾಕಿ ಇದೊಂದೇ.”