ಗುಂಡಿಯ ತುಂಬ ಕಂಡಿಕೆ

ಕಳೆದ ಮಂಗಳವಾರ ತುಡಿಯಲೂರಿನ ನನ್ನ ಸೋದರತ್ತೆ ಸೌಡಮ್ಮ ಫೋನ್ ಮಾಡಿ, ಇನ್ನು ಮೇಲೆ ಸೀರೆಗೆ ಡಿಸೈನ್ ಮಾಡುವುದಿಲ್ಲ ಎಂದುಬಿಟ್ಟರು. ಅವರಿಗೆ ಅರವತ್ತೆರಡು. ಗ್ರಾಫ್ ಹಾಳೆಯಲ್ಲಿ ಚೌಕ ತುಂಬುತ್ತಿದ್ದವರು, ಐವತ್ತೈದು ದಾಟಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತರು. ಅಂಥವರ ಬಾಯಲ್ಲಿ ಈ ಮಾತೇ?

“ದೊಡ್ಡ ಡಿಸೈನ್ ತೆಗೆದ್ರೆ ಸಾಫ್ಟ್‌ವೇರ್ ತಾನಾಗೇ ಮುಚ್ಕೊಳ್ತದೆ ಕಣೇ. ಮೂರು ದಿನ ಆಯ್ತು. ನಾನೇ ಏನೋ ತಪ್ಪಾಗಿ ಒತ್ತುತ್ತಿದೀನಿ. ವಯಸ್ಸಾಗೋಯ್ತಲ್ಲ. ಧಾರಾಪುರಂನಲ್ಲಿ ಡಿಸೈನ್ ಇಲ್ದೆ ತರಿ ಸುಮ್ನೆ ನಿಂತದೆ. ಬೇರೆ ಯಾರಾದ್ರೂ ಮಾಡ್ಕೊಡ್ಲಿ.”

(ಮಗ್ಗಕ್ಕೆ ನಮ್ಮ ಮನೆಗಳಲ್ಲಿ ತಮಿಳಿನ ತರಿ ಎಂದೇ ರೂಢಿ.)

ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಕಂಪ್ಯೂಟರಿನ ಮೇಲೆ. ಅದನ್ನು ಜೋಡಿಸಿಕೊಟ್ಟವಳು ನಾನೇ. ಇವತ್ತು ಸರಿ ಮಾಡದೆ ವಾಪಸ್ ಬರುವುದಿಲ್ಲ ಎಂದುಕೊಂಡು ಬಸ್ ಹತ್ತಿದೆ.

ಹೋಗಿ ನೋಡಿದರೆ ಕಾರಣ ಸಿಕ್ಕಿತು. ಮೆಷಿನ್ನಿನಲ್ಲಿ ಇರುವ ಮೆಮೊರಿ ಹದಿನಾರು ಜಿಬಿ. ಅದರಲ್ಲಿ ಹದಿನಾಲ್ಕು ಜಿಬಿವರೆಗೂ ಫೈಲ್ ಕ್ಯಾಶ್ ಬಳಸಿಕೊಳ್ಳಬಹುದು ಎಂದು ಮಿತಿ ಹಾಕಿತ್ತು. (ಒಮ್ಮೆ ತೆಗೆದ ಫೈಲಿಗೆ ಮತ್ತೆ ಡಿಸ್ಕಿನ ತನಕ ಓಡಬಾರದೆಂದು, ಅದನ್ನು ಮೆಮೊರಿಯಲ್ಲೇ ಹತ್ತಿರ ಇಟ್ಟುಕೊಳ್ಳುವ ವ್ಯವಸ್ಥೆ ಇದು.) ಕೇಳಿದರೆ ಕ್ಯಾಶ್ ಜಾಗ ಬಿಡುತ್ತದೆ, ನಿಜ. ಆದರೆ ನಿಧಾನವಾಗಿ. ಅಗಲದ ಸೆರಗಿನ ಡಿಸೈನ್ ಒಮ್ಮೆಲೇ ಕೇಳುತ್ತದೆ. ಜಾಗ ಸಾಲದೆ ಸಿಸ್ಟಮ್ ಅತ್ತೆಯ ಸಾಫ್ಟ್‌ವೇರನ್ನೇ ಮುಚ್ಚಿಬಿಡುತ್ತಿತ್ತು.

ಹದಿನಾಲ್ಕು ಎಂದು ಬರೆದವರು ಯಾರು? ನಾನೇ. ಖಾಲಿ ಬಿದ್ದ ಮೆಮೊರಿ ದಂಡ ಎಂಬ ಜಾಣತನದಲ್ಲಿ.

ತಲೆ ತಗ್ಗಿಸಿಕೊಂಡು ಅತ್ತೆಗೆ ವಿವರಿಸಿದೆ. ಅವರು ಕೇಳಿಸಿಕೊಂಡು ಹೇಳಿದರು: “ಅಂದ್ರೆ ತರಿ ಗುಂಡಿಗೆ ಕಂಡಿಕೆ ತುಂಬ್ದ ಕತೆನೇ. ಅವತ್ತೂ ನೀನೇ.”

ಮರೆತೇಹೋಗಿತ್ತು. ನನಗೆ ಎಂಟು ವರ್ಷವಿದ್ದಾಗ ಅಪ್ಪನ ಗುಂಡಿಮಗ್ಗದ ಪಕ್ಕದಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಕಂಡಿಕೆ, ಅಂದರೆ ನೂಲು ಸುತ್ತಿದ ಚಿಕ್ಕ ಕಡ್ಡಿಗಳು, ಇರುತ್ತಿದ್ದವು. ಉಳಿದದ್ದು ಅಟ್ಟದ ಮೇಲೆ. ಅಪ್ಪ ಕೂಗಿದಾಗಲೆಲ್ಲ ಹತ್ತಿ ಇಳಿಯುವುದು ನನ್ನ ಕೆಲಸ. ಬೇಸತ್ತು ಒಂದು ದಿನ ಅಷ್ಟನ್ನೂ ತಂದು ಅವರು ಕಾಲು ಇಳಿಬಿಟ್ಟು ತುಳಿಯುವ ಗುಂಡಿಗೇ ಸುರಿದೆ. ತುಳಿಯುವ ಹಲಗೆ ಅಲುಗಲಿಲ್ಲ. ಅಪ್ಪ ಬೈಯಲಿಲ್ಲ. “ಮೊದ್ಲು ಕಾಲಿಗೆ ಜಾಗ, ಆಮೇಲೆ ಕಂಡಿಕೆಗೆ” ಎಂದರು, ಅಷ್ಟೆ.

ಸರಿ, ಹಾಗೇ ಲೆಕ್ಕ ಹಾಕಿದೆ. ಕ್ಯಾಶಿಗೆ ಎಷ್ಟು ಕೊಡಬಹುದು ಎಂದು ಕೇಳುವುದನ್ನು ಬಿಟ್ಟು, ಅತ್ತೆಯ ಅತಿ ದೊಡ್ಡ ಡಿಸೈನಿಗೆ ಎಷ್ಟು ಬೇಕು ಎಂದು ತೆರೆದು ನೋಡಿದೆ. ಒಂಬತ್ತು. ಸಿಸ್ಟಮ್ಮಿಗೆ ಎರಡು, ಉಸಿರಾಡಲು ಒಂದು. ಉಳಿದ ನಾಲ್ಕೇ ಕ್ಯಾಶಿನ ಪಾಲು. ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ಮೂರು ಸಲ ಮುಚ್ಚಿ ತೆರೆದರೂ ಸೆರಗು ಪರದೆಯ ಮೇಲೆ ನಿಂತಿತು.

“ಫೈಲ್ ತೆಗೆಯೋಕೆ ಸ್ವಲ್ಪ ತಡ ಆಗುತ್ತೆ ಅತ್ತೆ.”

“ಅಷ್ಟ್ರಲ್ಲಿ ಕನ್ನಡಕ ಒರಸ್ಕೊಳ್ತೀನಿ ಬಿಡು.”

ನಾಲ್ಕು ಗಂಟೆಗೆ ಡಿಸೈನ್ ಧಾರಾಪುರಂಗೆ ಹೋಯಿತು. ಮರುದಿನವೇ ಅತ್ತೆ ಹೊಸ ಬಾರ್ಡರಿಗೆ ಕೈ ಹಾಕಿದರು.

ನನಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಡಿಫಾಲ್ಟ್ ಎಂದು ಯಾರೋ ಒಮ್ಮೆ ಬರೆದು ಎದ್ದು ಹೋಗುತ್ತಾರೆ. ಅದರ ಮುಂದೆ ದಿನವೂ ಕೂರುವವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಮೂರು ದಿನ ಅತ್ತೆ ತಮ್ಮ ವಯಸ್ಸನ್ನು ಬೈದುಕೊಂಡರಲ್ಲ, ಆ ಹದಿನಾಲ್ಕನ್ನು ಬರೆದ ಕೈ ನನ್ನದೆಂದು ಆಗಲೇ ಅವರಿಗೆ ಯಾರು ಹೇಳಬೇಕಿತ್ತು?